ದೇಣಿಗೆ ಕೊಟ್ಟವರ ಹೆಸರು: ಮತದಾರನ ಹಕ್ಕೋ, ದಾನಿಯ ಸಂಕಟವೋ?

ನೂರು ಡಾಲರ್ ದೇಣಿಗೆ ಕೊಟ್ಟ ಸಾಮಾನ್ಯ ನಾಗರಿಕನ ಹೆಸರು, ಉದ್ಯೋಗ ಮತ್ತು ಆತ ದುಡಿಯುವ ಸಂಸ್ಥೆಯ ವಿವರ ಜಗತ್ತಿಗೆಲ್ಲ ತಿಳಿಯಬೇಕೇ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಸಲಿಂಗ ವಿವಾಹ ಕುರಿತು ನಡೆದ ಜನಮತಗಣನೆ ಎತ್ತಿದ ಈ ಪ್ರಶ್ನೆಗೆ ಸರ್ವಸಮ್ಮತ ಉತ್ತರ ಇನ್ನೂ ದೊರೆತಿಲ್ಲ.

ಆ ವರ್ಷದ ಮೇ ತಿಂಗಳಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಿತ್ತು. ನವೆಂಬರ್ 4ರಂದು ಶೇ 52ರಷ್ಟು ಮತದಾರರು 'ಪ್ರಸ್ತಾವನೆ 8'ನ್ನು ಬೆಂಬಲಿಸಿ ಆ ಮಾನ್ಯತೆಯನ್ನು ರದ್ದುಪಡಿಸಿದರು. ಉಭಯ ಬಣಗಳು ಸಂಗ್ರಹಿಸಿದ ಹಣ 8 ಕೋಟಿ ಡಾಲರ್‌ಗೂ ಅಧಿಕ. ನೂರು ಡಾಲರ್ ಹಾಗೂ ಅದಕ್ಕಿಂತ ಹೆಚ್ಚು ನೀಡಿದವರ ವಿವರವನ್ನು ರಾಜ್ಯದ ಕಾನೂನಿನಂತೆ ಬಹಿರಂಗಪಡಿಸಲಾಯಿತು.

ಭೂಪಟದ ಮೇಲೆ ದಾನಿಗಳು

ಹಿಂದೆ ಇಂತಹ ಪಟ್ಟಿಗಳು ಸರ್ಕಾರಿ ಕಚೇರಿಯ ಕಪಾಟಿನಲ್ಲಿ ಉಳಿಯುತ್ತಿದ್ದವು. ಅಂತರಜಾಲ ಈ ಸ್ಥಿತಿಯನ್ನು ಬದಲಿಸಿತು. 2009ರ ಆರಂಭದಲ್ಲಿ 'ಎಯ್ಟ್‌ಮ್ಯಾಪ್ಸ್' ಎಂಬ ತಾಣವು ಪ್ರಸ್ತಾವನೆಯನ್ನು ಬೆಂಬಲಿಸಿದ ದಾನಿಗಳನ್ನು ಭೂಪಟದ ಮೇಲೆ ಗುರುತಿಸಿ ತೋರಿಸಿತು. ಬಹಿಷ್ಕಾರ, ಬೆದರಿಕೆಯ ದೂರುಗಳು ಕೇಳಿಬಂದವು. ಜಾವಾಸ್ಕ್ರಿಪ್ಟ್ ಜನಕ ಬ್ರೆಂಡನ್ ಐಕ್ 2008ರಲ್ಲಿ ನೀಡಿದ್ದ ಒಂದು ಸಾವಿರ ಡಾಲರ್ ದೇಣಿಗೆಯ ವಿವಾದ 2014ರಲ್ಲಿ ಭುಗಿಲೆದ್ದಿತು; ಮೊಜಿಲ್ಲಾ ಸಂಸ್ಥೆಯ ಮುಖ್ಯಸ್ಥರಾಗಿ ನೇಮಕಗೊಂಡ ಎರಡೇ ವಾರಗಳೊಳಗೆ ಅವರು ಹುದ್ದೆ ತೊರೆದರು.

ನ್ಯಾಯಾಲಯಗಳ ನಿಲುವು

ಹೆಸರು ಗೋಪ್ಯವಾಗಿಡಬೇಕೆಂಬ ವಾದಕ್ಕೆ ಹಳೆಯ ಬುನಾದಿಯಿದೆ. ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆಯು ತನ್ನ ಸದಸ್ಯರ ಪಟ್ಟಿಯನ್ನು ಅಲಬಾಮ ರಾಜ್ಯಕ್ಕೆ ಒಪ್ಪಿಸಬೇಕಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1958ರಲ್ಲೇ ತೀರ್ಪಿತ್ತಿತ್ತು. ಪ್ರಸ್ತಾವನೆ 8ರ ಬೆಂಬಲಿಗರು ಅದೇ ರಕ್ಷಣೆಯನ್ನು ಕೋರಿದರು. ಆದರೆ ದಮನಕ್ಕೆ ಒಳಗಾದ ಸಣ್ಣ ಗುಂಪುಗಳಿಗಾಗಿ ರೂಪುಗೊಂಡ ವಿನಾಯಿತಿ, 70 ಲಕ್ಷ ಮತ ಗಳಿಸಿ ಗೆದ್ದ ಬಣಕ್ಕೆ ದೊರೆಯಲಿಲ್ಲ.

ವಾಷಿಂಗ್ಟನ್ ರಾಜ್ಯದ ಇದೇ ಬಗೆಯ ವಿವಾದದಲ್ಲಿ, ಜನಮತಗಣನೆ ಕೋರಿದ ಅರ್ಜಿಗೆ ಸಹಿ ಹಾಕಿದವರ ಹೆಸರು ಪ್ರಕಟಿಸುವುದು ಸಂವಿಧಾನಬಾಹಿರವಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ 8-1 ಬಹುಮತದಿಂದ ಹೇಳಿತು. ಬಹಿರಂಗವಾಗಿ ನಿಲುವು ತಳೆಯುವ ಧೈರ್ಯ ನಾಗರಿಕರಲ್ಲಿ ಇಲ್ಲದಿದ್ದರೆ ಪ್ರಜಾಪ್ರಭುತ್ವ ಉಳಿಯದು ಎಂಬುದು ನ್ಯಾಯಮೂರ್ತಿ ಸ್ಕಾಲಿಯಾ ಅವರ ಅಭಿಪ್ರಾಯದ ಸಾರ. ಭಿನ್ನಮತ ದಾಖಲಿಸಿದವರು ನ್ಯಾಯಮೂರ್ತಿ ಥಾಮಸ್ ಒಬ್ಬರೇ. ಆದರೆ 2021ರಲ್ಲಿ ಗಾಳಿ ಬದಲಾಯಿತು. ದತ್ತಿ ಸಂಸ್ಥೆಗಳು ತಮ್ಮ ದೊಡ್ಡ ದಾನಿಗಳ ವಿವರವನ್ನು ರಾಜ್ಯ ಸರ್ಕಾರಕ್ಕೆ ಸಲ್ಲಿಸಬೇಕೆಂಬ ಕ್ಯಾಲಿಫೋರ್ನಿಯಾದ ನಿಯಮವನ್ನು ಅದೇ ನ್ಯಾಯಾಲಯ 6-3ರ ಬಹುಮತದಿಂದ ತಳ್ಳಿಹಾಕಿತು. ಆ ನಿಯಮ ಚುನಾವಣಾ ದೇಣಿಗೆಗೆ ಸಂಬಂಧಿಸಿದ್ದಲ್ಲವಾದರೂ, ಗೋಪ್ಯತೆ ಬಯಸುವವರಿಗೆ ಅದರಿಂದ ಬಲ ಬಂದಿದೆ.

ಭಾರತಕ್ಕೂ ಪಾಠ

ಭಾರತದಲ್ಲಿ ಚುನಾವಣಾ ಬಾಂಡ್‌ಗಳನ್ನು ಸಮರ್ಥಿಸಿಕೊಂಡ ಕೇಂದ್ರ ಸರ್ಕಾರವೂ ದಾನಿಗಳು ಸೇಡಿನ ಕ್ರಮಕ್ಕೆ ಗುರಿಯಾದಾರು ಎಂದೇ ವಾದಿಸಿತ್ತು. ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ಆ ಯೋಜನೆಯನ್ನು ರದ್ದುಗೊಳಿಸಿ, ಮತದಾರನ ತಿಳಿಯುವ ಹಕ್ಕನ್ನು ಎತ್ತಿಹಿಡಿಯಿತು. ಆದರೆ ಸಣ್ಣ ದೇಣಿಗೆಯು ರಾಜಕೀಯ ಒಲವಿನ ದ್ಯೋತಕವಾಗಿರಬಹುದು, ಭಾರಿ ದೇಣಿಗೆಯ ಹಿಂದೆ ಪ್ರತಿಫಲದ ನಿರೀಕ್ಷೆ ಇರಬಹುದು ಎಂಬ ಭೇದವನ್ನೂ ಗುರುತಿಸಿತು. ಇಪ್ಪತ್ತು ಸಾವಿರ ರೂಪಾಯಿವರೆಗಿನ ದೇಣಿಗೆ ನೀಡಿದವರ ಹೆಸರನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ತಿಳಿಸಬೇಕೆಂಬ ಕಡ್ಡಾಯ ಇಲ್ಲಿನ ಕಾನೂನಿನಲ್ಲಿಲ್ಲ.

ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಕಾಣದಿದ್ದುದು ಇದೇ ಭೇದ. ಫಲಿತಾಂಶವನ್ನೇ ತಿರುಗಿಸಬಲ್ಲ ಲಕ್ಷಾಂತರ ಡಾಲರ್ ಎಲ್ಲಿಂದ ಬಂತೆಂದು ಮತದಾರ ಅರಿಯಲೇಬೇಕು. ನೂರು ಡಾಲರ್ ಕೊಟ್ಟ ನೆರೆಮನೆಯವನ ಹೆಸರಿನಿಂದ ಮತದಾರನಿಗೆ ಆಗುವ ಲಾಭ ಅತ್ಯಲ್ಪ. ಆತನಿಗೆ ಆಗಬಹುದಾದ ಹಾನಿ ದೊಡ್ಡದು. ಇನ್ನು ಪ್ರಸ್ತಾವನೆ 8 ಇಂದು ಇತಿಹಾಸ. 2013ರಲ್ಲಿ ನ್ಯಾಯಾಲಯದಲ್ಲಿ ಬಿದ್ದುಹೋದ ಅದರ ಪಠ್ಯವನ್ನು ಕ್ಯಾಲಿಫೋರ್ನಿಯಾದ ಮತದಾರರೇ 2024ರ ನವೆಂಬರ್‌ನಲ್ಲಿ ರಾಜ್ಯ ಸಂವಿಧಾನದಿಂದ ಅಳಿಸಿಹಾಕಿದರು. ದಾನಿಗಳ ಪಟ್ಟಿಯನ್ನು ಮಾತ್ರ ಹಾಗೆ ಅಳಿಸಲಾಗದು.