ಹರಿದ ಹಾಳೆ, ಗಜ್ಜರಿ ಬೀಜ



ಹೋದ ತಿಂಗಳು ಒಂದು ಸಂಜೆ ಬೈಲಹೊಂಗಲದ ನಮ್ಮ ಮನೆಯಲ್ಲಿ ಒಂದು ಹಾಳೆ ಹರಿಯಿತು. ಎರಡನೇ ಇಯತ್ತೆ ಓದುವ ಮೊಮ್ಮಗ ಪಡಸಾಲೆಯಲ್ಲಿ ಕುಳಿತು ಒತ್ತಕ್ಷರದ ಶಬ್ದ ಬರೆಯುತ್ತಿದ್ದ. ‘ಅಕ್ಕ’ ಬಂತು, ‘ಅಜ್ಜ’ ಬಂತು. ‘ನಕ್ಷತ್ರ’ ಮಾತ್ರ ಬರಲಿಲ್ಲ. ಬರೆದ, ಅಳಿಸಿದ. ಮತ್ತೆ ಬರೆದ, ಮತ್ತೆ ಅಳಿಸಿದ. ಅಳಿಸಿ ಅಳಿಸಿ ಹಾಳೆಗೆ ತೂತು ಬಿತ್ತು. ಆಮೇಲೆ ಪರ್ ಅಂತ ಸದ್ದು ಕೇಳಿಸಿತು. ಹಾಳೆ ಎರಡು ತುಂಡಾಗಿತ್ತು.

“ನನಗ ಇದು ಬರಂಗೇ ಇಲ್ಲ. ನಾ ದಡ್ಡ ಅದೀನಿ. ನಾಳಿಂದ ಸಾಲಿಗೆ ಹೋಗಂಗಿಲ್ಲ!”

ಆಗ ನಾನು ಎಲ್ಲ ಅಜ್ಜಂದಿರೂ ಮಾಡುವುದನ್ನೇ ಮಾಡಿದೆ, ಅಂದರೆ ಭಾಷಣ. ಗೋಡೆ ಹತ್ತುವ ಇರುವೆಯ ಕಥೆ ಹೇಳಿದೆ, ಕಿತ್ತೂರ ಚೆನ್ನಮ್ಮನ ಧೈರ್ಯ ಹೇಳಿದೆ, ಸಂಗೊಳ್ಳಿ ರಾಯಣ್ಣನ ಛಲ ಹೇಳಿದೆ. ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಹೋಗಿ ಕುಳಿತ. ಮರುದಿನ ಹೊಟ್ಟೆ ನೋವು ಅಂದ. ಅದರ ಮರುದಿನ ತಲೆ ನೋವು. ಮೂರನೇ ದಿನ ಯಾವ ನೋವನ್ನೂ ಹೇಳಲಿಲ್ಲ, ಸುಮ್ಮನೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವನ ತಾಯಿಯ ಕಣ್ಣಲ್ಲಿ ನೀರು ಬಂತು.

ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು ನಾನು. ಹರಿದ ನೋಟು ಬಂದರೆ ಏನು ಮಾಡಬೇಕು ಅನ್ನುವುದು ಚೆನ್ನಾಗಿ ಗೊತ್ತು. ಹರಿದ ಹಾಳೆ ಹಿಡಿದು ಕುಳಿತ ಮಗುವಿಗೆ ಏನು ಮಾಡಬೇಕು ಅನ್ನುವುದು ಗೊತ್ತಿರಲಿಲ್ಲ.

ಆ ಸಂಜೆ ಕಪಾಟಿನಲ್ಲಿ ಏನೋ ಹುಡುಕುವಾಗ, ಬೆಂಗಳೂರಿನಲ್ಲಿರುವ ಮಗಳು ಎಂದೋ ತಂದಿಟ್ಟಿದ್ದ ತೆಳ್ಳನೆಯ ಚಿತ್ರಪುಸ್ತಕ ಕೈಗೆ ಸಿಕ್ಕಿತು. ಹೆಸರು ‘ದಿ ಕ್ಯಾರಟ್ ಸೀಡ್’. ಅಮೆರಿಕದ ರುತ್ ಕ್ರೌಸ್ ಬರೆದದ್ದು, ಅವರ ಪತಿ ಕ್ರಾಕೆಟ್ ಜಾನ್ಸನ್ ಚಿತ್ರ ಬರೆದದ್ದು, 1945ರಲ್ಲಿ ಅಚ್ಚಾದದ್ದು. ನನಗಿಂತಲೂ ಹಿರಿಯ ಪುಸ್ತಕ! ಇಡೀ ಪುಸ್ತಕದಲ್ಲಿ ಇರುವುದು ಸುಮಾರು ನೂರು ಶಬ್ದ ಮಾತ್ರ. ಇಂಗ್ಲಿಷ್ ಬಿಟ್ಟು, ಚಿತ್ರ ತೋರಿಸುತ್ತ ನಮ್ಮ ಮಾತಿನಲ್ಲೇ ಹೇಳಿದೆ. ಮಂಚದ ಕೆಳಗಿನಿಂದ ಮೊದಲು ಒಂದು ಕಣ್ಣು ಬಂತು, ಆಮೇಲೆ ಇಡೀ ಹುಡುಗ ಬಂದ.

ಕಥೆ ಇಷ್ಟೇ. ಒಬ್ಬ ಸಣ್ಣ ಹುಡುಗ ಒಂದು ಗಜ್ಜರಿ ಬೀಜ ಹಾಕುತ್ತಾನೆ. ಅದು ಹುಟ್ಟಲಿಕ್ಕಿಲ್ಲ ಅಂತ ತಾಯಿ ಅನ್ನುತ್ತಾಳೆ. ತಂದೆಯೂ ಹಾಗೇ ಅನ್ನುತ್ತಾನೆ. ಅಣ್ಣನಂತೂ ಹುಟ್ಟುವುದೇ ಇಲ್ಲ ಅನ್ನುತ್ತಾನೆ. ಹುಡುಗ ದಿನಾ ಕಸ ತೆಗೆಯುತ್ತಾನೆ, ನೀರು ಹಾಕುತ್ತಾನೆ. ಏನೂ ಹುಟ್ಟುವುದಿಲ್ಲ. ಮತ್ತೆ ಕಸ ತೆಗೆಯುತ್ತಾನೆ, ಮತ್ತೆ ನೀರು ಹಾಕುತ್ತಾನೆ. ಆಗಲೂ ಇಲ್ಲ.

ಇಲ್ಲಿ ನಾನು ಪುಟ ತಿರುಗಿಸಲು ಹೋದೆ. ಮೊಮ್ಮಗ ಪುಟದ ಮೇಲೆ ಕೈ ಇಟ್ಟ.

“ತಡಿ ಅಜ್ಜಾ. ಇವಗ ಈಗ ಹೆಂಗ ಆಗಾಕತ್ತೈತಿ?”

ಆ ಹುಡುಗನಿಗೆ ಏನು ಅನ್ನಿಸುತ್ತಿದೆ ಅಂತ ಪುಸ್ತಕದಲ್ಲಿ ಬರೆದಿಲ್ಲ. ನಾನೇ ತಿರುಗಿ ಕೇಳಿದೆ. “ನಿನಗ ಹೆಂಗ ಅನಸತೈತಿ?”

“ಹೊಟ್ಯಾಗ ಒಂಥರಾ ಆಗಾಕತ್ತಿರಬೇಕು. ಎಲ್ಲಾರೂ ನಗತಾರು ಅಂತ.”

“ಅದಕ್ಕ ಅಂಜಿಕಿ ಅಂತಾರ,” ಅಂದೆ.

“ಸಿಟ್ಟಲ್ಲಾ?”

“ಕೆಲವೊಮ್ಮೆ ಅಂಜಿಕಿನ ಸಿಟ್ಟಿನ ಅಂಗಿ ಹಾಕ್ಕೊಂಡ ಬರತೈತಿ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಾನು ಎಣಿಸದ ಪ್ರಶ್ನೆ ಬಂತು. “ಅಜ್ಜಾ, ನೀ ಯಾವಾಗರ ಫೇಲ್ ಆಗೀ ಏನ?”

‘ಇಲ್ಲ’ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಐವತ್ತು ವರ್ಷದಿಂದ ಅದೇ ಉತ್ತರ ಕೊಡುತ್ತ ಬಂದವನು ನಾನು. ಆದರೆ ಪುಸ್ತಕದ ಆ ಖಾಲಿ ನೆಲದ ಚಿತ್ರ ತೆರೆದೇ ಇತ್ತು. ಅದರ ಎದುರಿಗೆ ಸುಳ್ಳು ಹೇಳಲು ಆಗಲಿಲ್ಲ.

1972ರಲ್ಲಿ ಬಿ.ಕಾಂ. ಎರಡನೇ ವರ್ಷ ನಾನು ಅಕೌಂಟೆನ್ಸಿ ಪೇಪರಿನಲ್ಲಿ ನಾಪಾಸಾದೆ. ರಿಜಲ್ಟ್ ನೋಡಿಕೊಂಡು ಬಸ್ಸಿಳಿದವನು ಮನೆಗೆ ಹೋಗಲಿಲ್ಲ. ಊರ ಹೊರಗಿನ ಹೊಲದ ಬದುವಿನ ಮೇಲೆ ಕತ್ತಲಾಗುವ ತನಕ ಕುಳಿತಿದ್ದೆ. ಅಪ್ಪನಿಗೆ ‘ಒಂದು ಪೇಪರಿನ ರಿಜಲ್ಟ್ ಇನ್ನೂ ಬಂದಿಲ್ಲ’ ಅಂತ ಹೇಳಿದೆ. ಆರು ತಿಂಗಳ ನಂತರ ಅದೇ ಪೇಪರನ್ನು ಮತ್ತೆ ಬರೆದು ಪಾಸಾದೆ, ಮುಂದೆ ಬ್ಯಾಂಕ್ ಸೇರಿದೆ. ಅಪ್ಪ ತೀರಿಕೊಂಡು ಮೂವತ್ತು ವರ್ಷವಾಯಿತು. ಅವರಿಗೆ ನಿಜ ಹೇಳಲಿಲ್ಲವಲ್ಲ ಅನ್ನುವುದು ನಾಪಾಸಾದದ್ದಕ್ಕಿಂತ ಹೆಚ್ಚು ಕಾಡಿದೆ. ಇದಕ್ಕೆ ನಮ್ಮ ಕಡೆ ‘ಹಳಹಳಿ’ ಅಂತಾರೆ. ಮೊಮ್ಮಗನಿಗೆ ಅದೇ ಶಬ್ದ ಹೇಳಿದೆ. ಅವನು ಒಮ್ಮೆ ಬಾಯಲ್ಲಿ ತಿರುಗಿಸಿ ನೋಡಿದ. “ಹಳಹಳಿ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, “ಇದನ್ನ ನನಗೂ ಹೇಳಿರಲಿಲ್ಲಲ್ರೀ!” ಅಂದಳು.

ಹುಡುಗ ಯಾಕೆ ಫೇಲಾದೆ ಅಂತ ಕೇಳಲಿಲ್ಲ, ನಗಲಿಲ್ಲ. “ಆಮ್ಯಾಲ?” ಅಂದ. ಆಮೇಲೆ ಇಬ್ಬರೂ ಸೇರಿ ಪುಟ ತಿರುಗಿಸಿದೆವು. ಕೊನೆಗೆ ಗಜ್ಜರಿ ಹುಟ್ಟಿತ್ತು. ಎಂಥಾ ಗಜ್ಜರಿ! ಕೈಗಾಡಿಯಲ್ಲಿ ಹೊರಬೇಕಾದಷ್ಟು ದೊಡ್ಡದು.

ನಮ್ಮ ಹುಡುಗ ಸುಲಭಕ್ಕೆ ಒಪ್ಪುವವನಲ್ಲ. “ಬೀಜ ಜೊಳ್ಳಿದ್ದಿದ್ರ?” ಅಂದ. ನಾನು ಉತ್ತರ ಹುಡುಕುತ್ತಿದ್ದಾಗ ಒಕ್ಕಲುತನದ ಮನೆಯಿಂದ ಬಂದ ಅವನ ಅಜ್ಜಿಯೇ ಹೇಳಿದಳು. “ಜೊಳ್ಳಿದ್ರ ಮತ್ತೊಂದು ಹಾಕೂದು. ಹಾಕಿದ್ದೆಲ್ಲಾ ಹುಟ್ಟತಾವೇನ? ಬಿತ್ತುವಾಗ ಒಂದ ಕಾಳ ಹಾಕತಾರೇನ, ಹಿಡಿ ತುಂಬ ಹಾಕತಾರ.”

ಈ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಮುಂದಿನ ಭಾನುವಾರ ಮೊಮ್ಮಗನನ್ನು ಕರೆದುಕೊಂಡು ನಮ್ಮ ಊರಲ್ಲೇ ಇರುವ ಚೆನ್ನಮ್ಮನ ಸಮಾಧಿಗೆ ಹೋದೆ. ಇಷ್ಟು ವರ್ಷ ನಾನು ಮಕ್ಕಳಿಗೆ ಅಕ್ಟೋಬರದ ಕಥೆಯನ್ನಷ್ಟೇ ಹೇಳುತ್ತಿದ್ದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯ ಗೆದ್ದದ್ದು, ಕಲೆಕ್ಟರ್ ಥ್ಯಾಕರೆ ಸತ್ತದ್ದು. ಡಿಸೆಂಬರದ ಕಥೆಯನ್ನು ಬೇಗ ಬೇಗ ದಾಟಿಸಿಬಿಡುತ್ತಿದ್ದೆ. ಆ ತಿಂಗಳು ಬ್ರಿಟಿಷರು ದೊಡ್ಡ ಸೈನ್ಯದೊಡನೆ ಮತ್ತೆ ಬಂದರು, ಕೋಟೆ ಹೋಯಿತು. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು, 1829ರ ಫೆಬ್ರುವರಿ 2ರಂದು ಅಲ್ಲೇ ಕಣ್ಣು ಮುಚ್ಚಿದಳು. ಈ ಸಲ ಎಲ್ಲವನ್ನೂ ಹೇಳಿದೆ.

“ಹಂಗಾರ ಸೋತಳಲ್ಲಾ ಅಜ್ಜಾ?”

“ಹೌದಪಾ, ಸೋತಳು.”

“ಮತ್ತ ಎಲ್ಲಾರೂ ಆಕಿಗೆ ಯಾಕ ಕೈ ಮುಗಿತಾರ?”

ನಾನು ಉತ್ತರ ಹೇಳಲಿಲ್ಲ. ನೀನೇ ಹೇಳು ಅಂದೆ. ಮನೆ ಮುಟ್ಟುವ ತನಕ ಅವನು ಅದನ್ನೇ ಯೋಚಿಸುತ್ತಿದ್ದ. ಅಂಥ ಪ್ರಶ್ನೆಗೆ ಅವಸರದ ಉತ್ತರ ಕೊಡಬಾರದು ಅಂತ ಈಗ ಕಲಿತಿದ್ದೇನೆ.

ಅಜ್ಜ-ಅಜ್ಜಿಯರೆ, ನನಗೆ ತಿಳಿದದ್ದು ಇಷ್ಟು. ನಾವು ಕಥೆಯ ಕೊನೆಗೆ ಓಡುತ್ತೇವೆ. ಗೆದ್ದ, ಹುಟ್ಟಿತು, ಪಾಸಾದ, ಆದ್ದರಿಂದ ನೀನೂ ಪ್ರಯತ್ನ ಮಾಡು ಅನ್ನುತ್ತೇವೆ. ಆದರೆ ಮಗು ಕುಳಿತಿರುವುದು ನಡುವಿನ ಪುಟದಲ್ಲಿ, ಏನೂ ಹುಟ್ಟದ ಪುಟದಲ್ಲಿ. ನಾವು ಆ ಪುಟದಲ್ಲಿ ಅದರ ಪಕ್ಕ ಸ್ವಲ್ಪ ಹೊತ್ತು ಕುಳಿತರೆ ಮುಂದಿನ ಪುಟವನ್ನು ಅದೇ ತಿರುಗಿಸುತ್ತದೆ. ಮಾತಿನ ಕಥೆ ಓಡಿಬಿಡುತ್ತದೆ, ಚಿತ್ರ ನಿಲ್ಲುತ್ತದೆ. ಚಿತ್ರಪುಸ್ತಕದ ದೊಡ್ಡ ಉಪಕಾರ ಅದೇ.

ಇದು ಹೊರಗಿನಿಂದ ಬಂದ ವಿದ್ಯೆ ಅಂತ ತಿಳಿಯಬೇಡಿ. ನಮ್ಮ ಕಡೆ ಊರೂರಿನ ಗುಡಿಗಳ ಮುಂದೆ ನಿಂತ ವೀರಗಲ್ಲುಗಳನ್ನು ನೋಡಿ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಕಲ್ಲಿನ ಚಿತ್ರಪುಸ್ತಕ ಅದು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಅಕ್ಷರ ಬಾರದವರೂ ಅದನ್ನು ಓದುತ್ತಿದ್ದರು. ನಮ್ಮ ಬಾಲ್ಯದಲ್ಲಿ ‘ಚಂದಮಾಮ’ ಇತ್ತು. ಕನ್ನಡದಲ್ಲಿ ಅದು 1949ರಲ್ಲಿ ಶುರುವಾದದ್ದು. ಬೇತಾಳನ ಕಥೆಗೆ ಶಂಕರ್ ಬರೆಯುತ್ತಿದ್ದ ಚಿತ್ರ ನಿಮಗೆ ನೆನಪಿರಬೇಕು. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಕತ್ತಲಲ್ಲಿ ನಡೆಯುತ್ತಿರುವ ರಾಜ. ಪ್ರತಿ ಸಲ ಹೆಣ ಹಾರಿ ಮರ ಸೇರುತ್ತದೆ, ಪ್ರತಿ ಸಲ ರಾಜ ತಿರುಗಿ ಹೋಗುತ್ತಾನೆ. ‘ಛಲ ಬಿಡದ ತ್ರಿವಿಕ್ರಮ’ ಅನ್ನುವ ಮಾತಿನ ಅರ್ಥ ನಮಗೆ ಹಿಡಿಸಿದ್ದೇ ಆ ಚಿತ್ರದಿಂದ.

ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಅಲ್ಲಿಗೆ ಮಕ್ಕಳನ್ನು ಕರೆದೊಯ್ದಾಗ ರಾಮ ಬಂದ ದಿನದ ಕಥೆಯನ್ನಷ್ಟೇ ಹೇಳಬೇಡಿ. ಯಾರೂ ಬಾರದ ಒಂದು ಸಾಮಾನ್ಯ ದಿನ ಶಬರಿ ಏನು ಮಾಡುತ್ತಿದ್ದಿರಬೇಕು ಅಂತ ಕೇಳಿ. ದಾರಿ ಗುಡಿಸುತ್ತಿದ್ದಳೋ, ಹಣ್ಣು ಆರಿಸುತ್ತಿದ್ದಳೋ, ಅತ್ತಳೋ? ಮಕ್ಕಳು ಅದನ್ನೇ ಚಿತ್ರ ಬರೆಯಲಿ.

ಓದು ಬಾರದವರು ಹಿಂಜರಿಯಬೇಕಿಲ್ಲ. ಸವದತ್ತಿ ತಾಲೂಕಿನ ಹಳ್ಳಿಯಲ್ಲಿರುವ ನನ್ನ ಅಕ್ಕ ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಮೊಮ್ಮಕ್ಕಳಿಗೆ ಚಿತ್ರಪುಸ್ತಕ ‘ಓದಿ’ ಹೇಳುವುದರಲ್ಲಿ ನನಗಿಂತ ಗಟ್ಟಿ. ಚಿತ್ರದ ಹುಲಿಗೆ ಸಿಟ್ಟು ಬಂದಿದೆ ಅಂತ ಮಕ್ಕಳು ಅಂದರೆ, ಇಲ್ಲ, ಅದಕ್ಕೆ ಹಸಿವಾಗಿದೆ ಅಂತ ಅವಳ ವಾದ. ಹೌದು-ಅಲ್ಲ ಅನ್ನುತ್ತ ಅರ್ಧ ಗಂಟೆ ಜಗಳ. ಆ ಜಗಳದಲ್ಲೇ ಮಕ್ಕಳು ಸಿಟ್ಟು ಬೇರೆ, ಹಸಿವು ಬೇರೆ, ಮುನಿಸು ಬೇರೆ, ಹೊಟ್ಟೆಕಿಚ್ಚು ಬೇರೆ, ನಾಚಿಕೆ ಬೇರೆ ಅಂತ ಕಲಿಯುತ್ತಾರೆ. ಹೆಸರು ಗೊತ್ತಾದರೆ ಹಾಳೆ ಹರಿಯುವ ಬದಲು ಬಾಯಿಬಿಟ್ಟು ಹೇಳಬಹುದು.

ಸಿಟ್ಟಿನ ಮಕ್ಕಳಿಗೆ ಇನ್ನೊಂದು ಪುಸ್ತಕವಿದೆ. 1963ರಲ್ಲಿ ಮಾರಿಸ್ ಸೆಂಡಾಕ್ ಬರೆದ ‘ವೇರ್ ದಿ ವೈಲ್ಡ್ ಥಿಂಗ್ಸ್ ಆರ್’. ತುಂಟತನ ಮಾಡಿದ ಮ್ಯಾಕ್ಸ್‌ನನ್ನು ತಾಯಿ ಊಟವಿಲ್ಲದೆ ಮಲಗಲು ಕಳಿಸುತ್ತಾಳೆ. ಅವನ ಕೋಣೆ ಕಾಡಾಗುತ್ತದೆ, ಅವನು ಭಯಂಕರ ಪ್ರಾಣಿಗಳ ರಾಜನಾಗುತ್ತಾನೆ. ಆಮೇಲೆ ಬೇಸರ ಬಂದು ಮನೆಗೆ ಮರಳುತ್ತಾನೆ. ಬಂದು ನೋಡಿದರೆ ಊಟ ಕಾಯುತ್ತಿದೆ, ಇನ್ನೂ ಬಿಸಿ ಇದೆ. ಒಂದು ಚಿತ್ರದಲ್ಲೂ ತಾಯಿ ಕಾಣುವುದಿಲ್ಲ. ಆದರೂ ಆ ಬಿಸಿ ಊಟ ನೋಡಿದ ಮಗುವಿಗೆ ಎಲ್ಲವೂ ತಿಳಿಯುತ್ತದೆ.

ಪುಸ್ತಕ ಎಲ್ಲಿ ಸಿಗುತ್ತವೆ ಅಂತೀರಾ? ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗಿನ ಅರಿವು ಕೇಂದ್ರದಲ್ಲಿ ವಿಚಾರಿಸಿ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ಮಾಲೆ ಕನ್ನಡದಲ್ಲೂ ಇದೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳನ್ನು ಮೊಬೈಲಿನಲ್ಲೇ ಹಣವಿಲ್ಲದೆ ಓದಬಹುದು. ಮೊಬೈಲು ಮಾತ್ರ ನಿಮ್ಮ ಕೈಯಲ್ಲಿರಲಿ, ಮಗು ತೊಡೆಯ ಮೇಲಿರಲಿ.

ಓದುವಾಗ ಒಂದೆರಡು ಮಾತು ನೆನಪಿಡಿ. ‘ಇದರಿಂದ ಏನು ಕಲಿತಿ?’ ಅಂತ ಕೇಳಬೇಡಿ, ಅದು ಪರೀಕ್ಷೆಯಾಗುತ್ತದೆ. ‘ಇವನಿಗೆ ಈಗ ಹೆಂಗ ಅನಿಸಿರಬೇಕು?’ ಅಂತ ಕೇಳಿ. ಮಗು ಅದೇ ಪುಸ್ತಕವನ್ನು ಹತ್ತು ಸಲ ಕೇಳಿದರೆ ಹತ್ತೂ ಸಲ ಓದಿ. ನಿಮ್ಮ ಸೋಲನ್ನೂ ಒಂದು ಪುಟ ಹೇಳಿ. ಪುಸ್ತಕ ಎಲ್ಲದಕ್ಕೂ ಔಷಧವಲ್ಲ, ಅದೂ ಗೊತ್ತಿರಲಿ. ಮಗುವಿಗೆ ಅಕ್ಷರಗಳು ತಿಂಗಳುಗಟ್ಟಲೆ ಕಾಡಿದರೆ ಶಿಕ್ಷಕರನ್ನು, ಬೇಕಾದರೆ ವೈದ್ಯರನ್ನು ಕಾಣಬೇಕು. ನಾವೂ ಸಾಲಿಗೆ ಹೋಗಿ ಮಾತನಾಡಿದೆವು. ಅವನ ಅಕ್ಕೋರು ದಿನಕ್ಕೆ ಹತ್ತು ಶಬ್ದದ ಬದಲು ನಾಲ್ಕು ಬರೆಯಲು ಹೇಳಿದರು.

ಮಕ್ಕಳೆ, ಈ ವಾರ ನಿಮಗೊಂದು ಕೆಲಸ. ಒಂದು ಹಾಳೆಯಲ್ಲಿ ಮೂರು ಚೌಕ ಬರೆಯಿರಿ. ಮೊದಲನೆಯದರಲ್ಲಿ ನಿಮಗೆ ಇನ್ನೂ ಬಾರದ ಒಂದು ಕೆಲಸದ ಚಿತ್ರ ಬರೆಯಿರಿ. ಸೈಕಲ್ ಇರಬಹುದು, ಈಜು ಇರಬಹುದು, ಏಳರ ಮಗ್ಗಿ ಇರಬಹುದು. ನಡುವಿನ ಚೌಕದಲ್ಲಿ ಅದು ಬಾರದಿದ್ದಾಗ ನಿಮ್ಮ ಮುಖ ಹೇಗಿರುತ್ತದೆ, ಬರೆಯಿರಿ. ಮೂರನೆಯದನ್ನು ಖಾಲಿ ಬಿಡಿ. ಆಮೇಲೆ ಹಾಳೆಯನ್ನು ಅಜ್ಜನಿಗೋ ಅಜ್ಜಿಗೋ ತೋರಿಸಿ, ‘ನಿಮಗೆ ಯಾವುದು ಬರುತ್ತಿರಲಿಲ್ಲ?’ ಅಂತ ಕೇಳಿ. ಅವರು ಮಾತು ಹಾರಿಸಿದರೆ ಬಿಡಬೇಡಿ!

ನಮ್ಮ ಹುಡುಗ ಆ ಸೋಮವಾರ ಸಾಲಿಗೆ ಹೋದ. ಹರಿದ ಹಾಳೆಯನ್ನು ನಾವಿಬ್ಬರೂ ಕೂಡಿ ಅಂಟು ಹಚ್ಚಿ ಜೋಡಿಸಿದ್ದೆವು. ಮೊನ್ನೆ ಸಂಜೆ ಮತ್ತೆ ‘ನಕ್ಷತ್ರ’ ಬರೆಯಲು ಕುಳಿತ. ‘ತ್ರ’ ಸರಿ ಬಂತು, ‘ಕ್ಷ’ ಸೊಟ್ಟಾಯಿತು. ಹಾಳೆಯನ್ನೇ ದಿಟ್ಟಿಸಿದ. ನಾನು ಉಸಿರು ಬಿಗಿಹಿಡಿದು ಕುಳಿತಿದ್ದೆ.

“ಅಜ್ಜಾ, ರಬ್ಬರ್ ಕೊಡು,” ಅಂದ.

ಕೊಟ್ಟೆ. ಮುಂದಿನ ವಾರ ಮತ್ತೆ ಸಿಗೋಣ.