ಇಂಪ್ಲಾಂಟ್ ಹಲ್ಲು: ಎಷ್ಟು ಸಲ ಹೋಗಬೇಕು, ಮೊದಲೇ ಕೇಳಿ

ದವಡೆ ಹಲ್ಲು ಕೀಳಿಸಿ ವರ್ಷವಾಯಿತು, 'ಹೊರಗೆ ಕಾಣೋದಿಲ್ಲವಲ್ಲ, ಇರಲಿ ಬಿಡಿ' ಎಂದು ಒಂದೇ ಕಡೆ ಅಗಿಯುತ್ತಿದ್ದೀರಾ? ಮಗಳ ಟ್ಯೂಷನ್ ಫೀ, ಯಜಮಾನರ ಕನ್ನಡಕ ಎಲ್ಲ ಮುಗಿದ ಮೇಲೆ ತಾನೇ ನಮ್ಮ ಹಲ್ಲಿನ ಸರದಿ! ಆದರೆ ಖಾಲಿ ಜಾಗ ಸುಮ್ಮನಿರುವುದಿಲ್ಲ. ಪಕ್ಕದ ಹಲ್ಲುಗಳು ಅತ್ತ ವಾಲುತ್ತವೆ, ಒಳಗಿನ ಎಲುಬು ನಿಧಾನಕ್ಕೆ ಸವೆಯುತ್ತದೆ.

ಕಳೆದ ವರ್ಷ ನಮ್ಮ ಅತ್ತೆಯವರಿಗೆ ಮೇಲ್ದವಡೆಯ ಒಂದು ಹಲ್ಲಿಗೆ ಇಂಪ್ಲಾಂಟ್ ಮಾಡಿಸಿದೆವು. ದಾಂಡೇಲಿಯಿಂದ ಬೆಳಿಗ್ಗೆ ಧಾರವಾಡಕ್ಕೆ ಹೋಗಿ, ಸಂಜೆ ಹೊಸ ಹಲ್ಲಿನೊಂದಿಗೆ ವಾಪಸ್ ಅಂದುಕೊಂಡಿದ್ದೆವು. ಆರು ಸಲ ಓಡಾಡಿದೆವು, ಏಳು ತಿಂಗಳು ಹಿಡಿಯಿತು! ವೈದ್ಯರ ತಪ್ಪಲ್ಲ, ನಾವೇ ಕೇಳಿರಲಿಲ್ಲ.

ಇಂಪ್ಲಾಂಟ್ ಎಂದರೆ ಹಲ್ಲಲ್ಲ, ಹಲ್ಲಿನ ಬೇರು. ಟೈಟಾನಿಯಂ ಲೋಹದ ಸಣ್ಣ ಸ್ಕ್ರೂವನ್ನು ದವಡೆಯ ಎಲುಬಿನೊಳಗೆ ಕೂಡಿಸುತ್ತಾರೆ. ಈ ಲೋಹವನ್ನು ಎಲುಬು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆಂದು ಸ್ವೀಡನ್ನಿನ ಬ್ರೋನೆಮಾರ್ಕ್ 1952ರಲ್ಲಿ ಮೊಲಗಳ ಮೇಲೆ ಬೇರೇನೋ ಪ್ರಯೋಗ ಮಾಡುವಾಗ ಕಂಡುಕೊಂಡರು. 1965ರಲ್ಲಿ ಮೊದಲ ರೋಗಿಗೆ ಹಾಕಿದರು. ಈ ಹಿಡಿತಕ್ಕೆ ಕೆಳದವಡೆಯಲ್ಲಿ ಸಾಮಾನ್ಯವಾಗಿ ಮೂರು ತಿಂಗಳು, ಮೇಲ್ದವಡೆಯಲ್ಲಿ ನಾಲ್ಕರಿಂದ ಆರು ತಿಂಗಳು ಬೇಕು. ಎಲುಬು ಸವೆದಿದ್ದರೆ ಅದನ್ನು ತುಂಬಿಸಲು ಇನ್ನಷ್ಟು. 'ಒಂದೇ ದಿನದಲ್ಲಿ ಹಲ್ಲು' ಎಂಬ ಜಾಹೀರಾತು ಪೂರ್ತಿ ಸುಳ್ಳಲ್ಲ, ಆದರೆ ಅದು ಎಲ್ಲರಿಗೂ ಆಗುವುದಿಲ್ಲ. ಅಂದು ಕೂಡಿಸುವುದೂ ಹೆಚ್ಚಾಗಿ ತಾತ್ಕಾಲಿಕ ಹಲ್ಲೇ.

ಮೊದಲ ಭೇಟಿ ಸ್ಕ್ಯಾನ್, ರಕ್ತ ಪರೀಕ್ಷೆಗೆ. ಎರಡನೆಯದು ಆಪರೇಷನ್. ವಾರ-ಹತ್ತು ದಿನಕ್ಕೆ ಹೊಲಿಗೆ ಬಿಚ್ಚಲು. ತಿಂಗಳುಗಳ ನಂತರ ಒಸಡು ತೆರೆಯಲು, ಆಮೇಲೆ ಅಳತೆಗೆ, ಕೊನೆಗೆ ಹಲ್ಲು ಕೂಡಿಸಲು. 2023ರ ಜೂನಿನಿಂದ ನಮಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚಿಲ್ಲ ನಿಜ, ದಿನಗಳ ಲೆಕ್ಕ ಬೇಕಲ್ಲ! ಹಳಿಯಾಳದವರಿಗೆ ಧಾರವಾಡ, ಮುಂಡಗೋಡದವರಿಗೆ ಹುಬ್ಬಳ್ಳಿ ಹತ್ತಿರ. ಜೋಯಿಡಾದ ಕಡೆಯವರು ಜೋರು ಮಳೆಗಾಲ ಬಿಟ್ಟು ತಾರೀಖು ಕೇಳಿ.

ಮುಖ್ಯವಾದದ್ದೊಂದಿದೆ. ಅತ್ತೆಯವರು ಎಲುಬು ಸವೆತಕ್ಕೆ ವಾರಕ್ಕೊಂದು ಗುಳಿಗೆ ನುಂಗುತ್ತಿದ್ದರು. ಅದನ್ನು ವೈದ್ಯರಿಗೆ ಹೇಳಿರಲೇ ಇಲ್ಲ. "ಎಲುಬಿನ ಗುಳಿಗೆಗೂ ಹಲ್ಲಿಗೂ ಏನ್ ಸಂಬಂಧವ್ವಾ?" ಎಂದರು. ಸಂಬಂಧವಿದೆ. ಇಂಥ ಕೆಲವು ಗುಳಿಗೆಗಳಿಂದ ಅಪರೂಪಕ್ಕಾದರೂ ದವಡೆಯ ಗಾಯ ಮಾಯದೆ ಉಳಿಯಬಹುದು. ಶುಗರ್ ಹತೋಟಿಯಲ್ಲಿಲ್ಲದಿದ್ದರೂ, ತಂಬಾಕು ಹಾಕಿ ಎಲೆಅಡಿಕೆ ಮೆಲ್ಲುವವರಿಗೂ ತೊಂದರೆಯೇ. ಬಿ.ಪಿ., ರಕ್ತ ತೆಳುವಾಗಿಸುವ ಮಾತ್ರೆ, ಯಾವುದನ್ನೂ ಮುಚ್ಚಿಡಬೇಡಿ. ನೀವಾಗಿಯೇ ನಿಲ್ಲಿಸಲೂ ಬೇಡಿ. ಚೀಟಿಗಳನ್ನೆಲ್ಲ ಒಯ್ದು ತೋರಿಸಿ.

ಆಪರೇಷನ್ ದಿನ ಜೊತೆಗೊಬ್ಬರಿರಲಿ. ಜುಮುಗುಟ್ಟುವ ಇಂಜೆಕ್ಷನ್ ಕೊಡುವುದರಿಂದ ನೋವಾಗದು, ಒತ್ತಿದಂತೆ, ಮಿಷನ್ ಗುರ್ ಎಂದಂತೆ ಗೊತ್ತಾಗುತ್ತದೆ ಅಷ್ಟೇ. ಅಂದು ಬಾಯಿ ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಕುಡಿಯಬೇಡಿ. ಬಸ್ ಸ್ಟ್ಯಾಂಡಿನ ಬಿಸಿ ಚಹಾ ಅಂತೂ ಬೇಡವೇ ಬೇಡ, ಜುಮುಗುಟ್ಟುವ ತುಟಿಗೆ ಸುಟ್ಟದ್ದೂ ತಿಳಿಯದು. ಮರುದಿನದಿಂದ ಉಗುರುಬೆಚ್ಚನೆಯ ಉಪ್ಪುನೀರು. ಕೆಲವು ದಿನ ತಣ್ಣನೆಯ ಗಂಜಿ, ಮೆತ್ತನ್ನ, ಮೊಸರನ್ನ. ಕಡಕ್ ರೊಟ್ಟಿ, ಚೂಡಾ ದೂರವಿಡಿ. ಎರಡು-ಮೂರು ದಿನ ಕೆನ್ನೆ ಊದುವುದು ಸಹಜ. ಆಮೇಲೂ ಊತ ಏರಿದರೆ, ಜ್ವರ, ಕೀವು ಕಂಡರೆ, ತುಟಿಯ ಜುಮು ಮರುದಿನವೂ ಇಳಿಯದಿದ್ದರೆ ಮುಂದಿನ ತಾರೀಖಿಗೆ ಕಾಯದೆ ಫೋನ್ ಮಾಡಿ.

ದುಡ್ಡು ಹತ್ತಾರು ಸಾವಿರವಾಗುತ್ತದೆ. ಸ್ಕ್ಯಾನ್, ಎಲುಬು ತುಂಬುವುದು, ಮೇಲಿನ ಹಲ್ಲು ಸೇರಿ ಎಷ್ಟು ಎಂದು ಬರೆಸಿಕೊಳ್ಳಿ. ಕ್ಲಿನಿಕ್ಕಿನಲ್ಲೂ, ಧಾರವಾಡದ ಸತ್ತೂರಿನಲ್ಲಿ 1986ರಿಂದ ಇರುವ ಎಸ್‌ಡಿಎಂ ದಂತ ಕಾಲೇಜಿನಂಥ ಕಡೆಯಲ್ಲೂ ವಿಚಾರಿಸಿ. ಬ್ರಿಜ್ ಅಗ್ಗ, ಬೇಗವೂ ಆಗುತ್ತದೆ. ಆದರೆ ಪಕ್ಕದ ಎರಡು ಹಲ್ಲು ಉಜ್ಜಿ ಸಣ್ಣ ಮಾಡಬೇಕು. ಅವು ಮೊದಲೇ ಹಾಳಾಗಿದ್ದರೆ ನನಗಂತೂ ಬ್ರಿಜ್ಜೇ ವಾಸಿ ಅನ್ನಿಸುತ್ತದೆ.

ಕೊನೆಗೆ, ಸ್ಕ್ರೂವಿನ ಕಂಪನಿ, ಅಳತೆ ಬರೆದ ಕಾರ್ಡ್ ಕೇಳಿ ಪಡೆಯಿರಿ. ಹತ್ತು ವರ್ಷದ ನಂತರ ಬೇರೆ ಊರಿನ ಡೆಂಟಿಸ್ಟ್ ಅದನ್ನೇ ಕೇಳುವುದು. ಅತ್ತೆಯವರ ಕಾರ್ಡ್ ನಮ್ಮ ರೇಷನ್ ಕಾರ್ಡಿನ ಕವರಿನಲ್ಲೇ ಇದೆ.