ಒಡ್ಡೋಲಗಕ್ಕೆ ತಕ್ಕ ಚಿತ್ರ ಯಾವುದು?

ಯಕ್ಷಗಾನದ ವಿಷಯವಾಗಿ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಅಚ್ಚಾಗುವ ಪುಸ್ತಕ, ಸ್ಮರಣ ಸಂಚಿಕೆ, ಕರೆಯೋಲೆಗಳನ್ನು ಒಂದೆಡೆ ಕೂಡಿಸಿ ನೋಡಿದವರಿಗೆ ಒಂದು ಸಂಗತಿಯು ಹೊಳೆಯದೆ ಇರದು. ಒಳಗಿನ ಬರಹವು ಯಾವುದೇ ಇರಲಿ, ಮೇಲಿನ ಚಿತ್ರವು ಒಂದೇ. ಕಣ್ಣರಳಿಸಿ, ಮೀಸೆ ತಿರುವುತ್ತ, ಹಾಳೆಯ ನಾಲ್ಕು ಅಂಚುಗಳನ್ನೂ ಮುಟ್ಟುವಂತೆ ತುಂಬಿಕೊಂಡ ಒಂದು ವೇಷದ ಮುಖ. ಭಾಗವತಿಕೆಗೂ ಅದೇ, ಪ್ರಸಂಗಸಾಹಿತ್ಯಕ್ಕೂ ಅದೇ, ಮದ್ದಳೆಗೂ ಅದೇ!

ಈಚೆಗೆ ವಿದ್ಯಾರ್ಥಿಗಳಿಗೆ ಬಡಗುತಿಟ್ಟಿನ ರಂಗಸಂಪ್ರದಾಯಗಳನ್ನು ತಿಳಿಸುವ ಒಂದು ಕಿರುಹೊತ್ತಗೆಯ ಕರಡು ನನ್ನ ಕೈಗೆ ಬಂದಿತ್ತು. ಬರಹವು ಅಚ್ಚುಕಟ್ಟಾಗಿಯೇ ಇತ್ತು. ಆದರೆ ಒಡ್ಡೋಲಗದ ಪ್ರಕರಣಕ್ಕೆ ಕೊಟ್ಟ ಚಿತ್ರ ಕೀಚಕನ ಮುಖ. ನಾನು ಆಕ್ಷೇಪಿಸಿದೆನು, ಅವರು ಮನ್ನಿಸಲಿಲ್ಲ, ಹೊತ್ತಗೆಯು ಹಾಗೆಯೇ ಹೊರಬಿತ್ತು. ಮನೆಯಲ್ಲಿ ಅದನ್ನೋದಿದ ಮೊಮ್ಮಗಳು, “ಅಜ್ಜ, ಒಡ್ಡೋಲಗ ಅಂದ್ರೆ ಈ ಮೀಸೆಯವನ ಹೆಸ್ರಾ?” ಎಂದು ಕೇಳಿದಳು. ಪುಟವೆಲ್ಲ ಓದಿದ ಮೇಲೂ ಮಗುವು ನಂಬಿದ್ದು ಚಿತ್ರವನ್ನೇ.

ಒಡ್ಡೋಲಗವೆಂಬುದು ಪಾತ್ರವನ್ನು ಸಭೆಗೆ ಪರಿಚಯಿಸುವ ಕ್ರಮ. ಇಬ್ಬರು ಒಂದು ಬಟ್ಟೆಯ ತೆರೆಯನ್ನು ಎರಡು ತುದಿಗಳಲ್ಲಿ ಹಿಡಿದು ನಿಲ್ಲುತ್ತಾರೆ. ಅದರ ಮರೆಯಲ್ಲಿ ವೇಷವು ಕುಣಿಯುತ್ತದೆ. ಸಭೆಗೆ ಮೊದಲು ಕೇಳಿಸುವುದು ಗೆಜ್ಜೆ. ಕಾಣಿಸುವುದು ತೆರೆಯ ಮೇಲೆ ಏಳುವ ಕೇದಗೆ ಮುಂದಲೆಯ ಅಥವಾ ಕಿರೀಟದ ತುದಿ. ಆಮೇಲೆ ಬೆನ್ನು, ಭುಜ. ಮುಖವು ಬಹಳ ತಡವಾಗಿ. ತೆರೆ ಸರಿದ ಬಳಿಕವೂ ಭಾಗವತರು ‘ತಾವು ಯಾರು’ ಎಂದು ಕೇಳಿ, ವೇಷಧಾರಿಯು ತನ್ನ ಹೆಸರು ಕುಲಗಳನ್ನು ತಾನೇ ಹೇಳಿಕೊಂಡ ಮೇಲೆಯೇ ಕಥೆಯು ಮುಂದರಿಯತಕ್ಕದ್ದು. ಇಷ್ಟೊಂದು ತಡೆದು ತೋರಿಸುವುದೇ ಆ ಸಂಪ್ರದಾಯದ ಜೀವವಾಗಿರುವಾಗ, ತೆರೆಯೇ ಇಲ್ಲದ ಚಿತ್ರವು ಅದನ್ನು ಹೇಗೆ ತಾನೇ ತಿಳಿಸೀತು?

2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ವಿಷಯವಾಗಿ ಬರೆದರೆ ಅವರ ಕೀಚಕನ ಚಿತ್ರವನ್ನು ಧಾರಾಳವಾಗಿ ಅಚ್ಚುಹಾಕಿರಿ, ಬೇಡವೆಂದವರಾರು? ಅದು ಕಲಾವಿದರಿಗೆ ಒಪ್ಪುವ ಚಿತ್ರ, ಪಾತ್ರಕ್ಕೂ ಒಪ್ಪುವ ಚಿತ್ರ. ಕಥನದ ಒಂದು ರೂಢಿಗೆ ಚಿತ್ರ ಆರಿಸುವಾಗ ಮಾತ್ರ ಬೇರೆ ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಪಾತ್ರದ ಹೆಸರನ್ನು ಅರಿಯದವನಿಗೂ ಈ ರೂಢಿಯು ಇದರಲ್ಲಿ ಕಾಣುವುದೇ?

“ಜನರು ಗುರುತಿಸುವುದು ಮುಖವನ್ನು, ಬಟ್ಟೆಯ ಚಿತ್ರವನ್ನು ಯಾರು ನೋಡುತ್ತಾರೆ?” ಎಂದು ಆ ಹೊತ್ತಗೆಯವರು ನನ್ನನ್ನು ಕೇಳಿದರು. ಗುರುತಿರುವುದನ್ನೇ ಮತ್ತೆ ತೋರಿಸುವುದಾದರೆ ವಿದ್ಯಾರ್ಥಿಗಳಿಗಾಗಿ ಪುಸ್ತಕವೇಕೆ? ಅವರ ಎರಡನೆಯ ಮಾತಿಗೆ ಹೆಚ್ಚು ತೂಕವುಂಟು. ತೆರೆಯ ಹೊತ್ತಿನ ಒಳ್ಳೆಯ ಛಾಯಾಚಿತ್ರಗಳು ಸಿಗುವುದಿಲ್ಲವಂತೆ. ನಿಜ, ಛಾಯಾಗ್ರಾಹಕರು ಮುಖ ಕಾಣುವ ತನಕ ಯಂತ್ರವನ್ನು ಮಡಿಲಲ್ಲಿಟ್ಟು ಕುಳಿತಿರುವುದನ್ನು ನಾನೂ ಕಂಡಿದ್ದೇನೆ. ಹಾಗಾದರೆ ಬರೆಯಿಸಿರಿ. ನಮ್ಮ ಸೀಮೆಯ ದೀವರ ಮನೆಗಳ ಹಸೆ ಚಿತ್ತಾರವನ್ನು ನೋಡಿರಿ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ, ಹೆಂಗಸರು ಮದುವೆಯನ್ನು ಬರೆಯುತ್ತಾರೆ. ಅಲ್ಲಿ ಮದುಮಕ್ಕಳಿಗೆ ಇಂಥವರದೆಂಬ ಮುಖಚರ್ಯೆ ಇರುವುದಿಲ್ಲ. ಆದರೂ ಅದು ಮದುವೆಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇದು ಚಿತ್ರಕ್ಕಷ್ಟೇ ಸಂಬಂಧಿಸಿದ ಜಗಳವೆಂದು ವಾಚಕರು ತಿಳಿಯಬಾರದು. ಇಡೀ ರಾತ್ರಿಯ ಆಟವು ಮೂರು ಗಂಟೆಗಳ ಕಾಲಮಿತಿಗೆ ಇಳಿದಲ್ಲೆಲ್ಲ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ, ಆಮೇಲೆ ಒಡ್ಡೋಲಗಕ್ಕೆ. ಬೆಂಗಳೂರಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ರಂಗಸ್ಥಳದಲ್ಲಿ ತೆರೆಯು ಕಾಣಸಿಗುವುದೇ ಅಪರೂಪ; ಪುಸ್ತಕದಲ್ಲಿಯೂ ಕಾಣದಿದ್ದರೆ ಅವರು ಅದನ್ನು ಕೇಳಿ ಪಡೆಯುವುದಾದರೂ ಹೇಗೆ?

ಒಂದೇ ಚಿತ್ರವು ಸಾಲದೆಂಬುದನ್ನು ಒಪ್ಪುತ್ತೇನೆ. ಪಾಂಡವರ ಒಡ್ಡೋಲಗದ ಗಾಂಭೀರ್ಯವೇ ಬೇರೆ. ರಾಳದ ಬೆಂಕಿಯ ನಡುವೆ ಆರ್ಭಟಿಸಿ ಬರುವ ರಾಕ್ಷಸನ ರೀತಿಯೇ ಬೇರೆ. ಒಂದಕ್ಕೇ ಸ್ಥಳವಿದ್ದರೆ ನನ್ನ ಆಯ್ಕೆ ಇದು: ನಡುವೆ ತೆರೆ, ಮೇಲೆ ಕಿರೀಟದ ತುದಿ ಮಾತ್ರ, ಕೆಳಗೆ ಗೆಜ್ಜೆ ಕಟ್ಟಿದ ಕಾಲುಗಳು, ಹಿಂದೆ ಭಾಗವತರು, ಮುಂದೆ, ಚಾಪೆಯ ಮೇಲಿನಿಂದ ಎದ್ದು ಕತ್ತು ಚಾಚಿದ ಎರಡು ಮೂರು ಮಕ್ಕಳ ತಲೆಗಳು. ಒಳಗಿರುವವನು ಕೀಚಕನೋ ಅರ್ಜುನನೋ ತಿಳಿಯಕೂಡದು.

ಹೊತ್ತಗೆಯ ಎರಡನೆಯ ಮುದ್ರಣವು ಬರುವುದೆಂದು ಕೇಳುತ್ತೇನೆ. ಚಿತ್ರ ಬರೆಯಿಸುವ ವೆಚ್ಚದಲ್ಲಿ ನನ್ನ ಪಾಲನ್ನು ಕೊಡಲು ಸಿದ್ಧನಿದ್ದೇನೆ. ಛಾಯಾಚಿತ್ರವೇ ಆಗಬೇಕೆಂದಾದರೆ, ತೆರೆ ಹಿಡಿದ ಇಬ್ಬರ ಹೆಸರುಗಳನ್ನೂ ಅದರ ಕೆಳಗೆ ಅಚ್ಚುಹಾಕತಕ್ಕದ್ದು.